ಮಂಡಳಿ ಸಭೆಯ ರೆಕಾರ್ಡಿಂಗ್ ಯಾರ ವಶದಲ್ಲಿರಬೇಕು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ನಾನು ಲೆಕ್ಕಪರಿಶೋಧನೆ ನಡೆಸುವ ಖಾಸಗಿ ಕಂಪನಿಗಳಲ್ಲಿ ಹೆಚ್ಚಿನವು ಕುಟುಂಬದ ಕಂಪನಿಗಳು. ಅಣ್ಣ ಊರಿನಲ್ಲಿ, ತಮ್ಮ ಬೆಂಗಳೂರಿನಲ್ಲಿ, ಅಳಿಯ ಹೊರದೇಶದಲ್ಲಿ. ಹೀಗಾಗಿ ನಿರ್ದೇಶಕ ಮಂಡಳಿಯ ಸಭೆ ವಿಡಿಯೋ ಕಾನ್ಫರೆನ್ಸ್ ಮೂಲಕ ನಡೆಯುತ್ತದೆ. ಅದರ ರೆಕಾರ್ಡಿಂಗ್ ಕೇಳಿದರೆ, ‘ಲಿಂಕ್ ಕಳಿಸಿದ ಹುಡುಗನ ಲ್ಯಾಪ್‌ಟಾಪಿನಲ್ಲಿರಬೇಕು ಸಾರ್’ ಎಂಬ ಉತ್ತರ ಬರುತ್ತದೆ. ಹುಡುಗ ಕೆಲಸ ಬಿಟ್ಟು ಆರು ತಿಂಗಳಾಗಿರುತ್ತದೆ!

2013ರ ಕಂಪನಿ ಕಾಯ್ದೆಯಡಿ 2014ರಲ್ಲಿ ರಚಿತವಾದ ಮಂಡಳಿ ಸಭೆಗಳ ನಿಯಮಾವಳಿಯ 3ನೆಯ ನಿಯಮವು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕಲಾಪವನ್ನು ರೆಕಾರ್ಡ್ ಮಾಡಿಸಿ, ಕನಿಷ್ಠ ಪಕ್ಷ ಆ ವರ್ಷದ ಲೆಕ್ಕಪರಿಶೋಧನೆ ಮುಗಿಯುವವರೆಗೆ ಕಂಪನಿಯ ದಾಖಲೆಯಾಗಿ ಕಾಪಾಡುವುದು ಸಭಾಧ್ಯಕ್ಷರ ಹೊಣೆ. ಕಂಪನಿ ಕಾರ್ಯದರ್ಶಿ ಇದ್ದಲ್ಲಿ ಅವರದೂ ಹೌದು. ಸಂಬಂಧಪಟ್ಟ ನಿರ್ದೇಶಕರ ಹೊರತು ಅನ್ಯರಿಗೆ ಕಲಾಪವು ಎಟುಕದಂತೆ ನೋಡಿಕೊಳ್ಳುವುದೂ ಇವರದೇ ಕರ್ತವ್ಯ. ನಮ್ಮಂಥ ಊರುಗಳ ಚಿಕ್ಕ ಕಂಪನಿಗಳಲ್ಲಿ ಕಾರ್ಯದರ್ಶಿ ಇರುವುದು ಅಪರೂಪವಾದ್ದರಿಂದ ಭಾರವೆಲ್ಲ ಅಧ್ಯಕ್ಷರ ಮೇಲೆ. ಆದರೆ ಜೂಮ್, ಗೂಗಲ್ ಮೀಟ್‌ಗಳಿಗೆ ಈ ನಿಯಮ ತಿಳಿಯದು. ಲಿಂಕ್ ರಚಿಸಿದವನೇ ಅವುಗಳ ಪಾಲಿಗೆ ಯಜಮಾನ.

ನಾನು ಬಲ್ಲ ಒಂದು ಕಂಪನಿಯಲ್ಲಿ ಜಮೀನು ಮಾರಾಟದ ಚರ್ಚೆಯ ತುಣುಕು ಸಭೆಯ ಮರುದಿನವೇ ದಲ್ಲಾಳಿಯೊಬ್ಬನ ವಾಟ್ಸಾಪ್ ಸೇರಿತು. ನಿರ್ದೇಶಕರಾದ ಅಣ್ಣತಮ್ಮಂದಿರಿಗೆ ಇಂದಿಗೂ ಮಾತುಕತೆಯಿಲ್ಲ.

ಆದ್ದರಿಂದ ಅಧ್ಯಕ್ಷರ ಖಾತೆಯಿಂದಲೇ ಲಿಂಕ್ ಹೊರಡಲಿ. ರೆಕಾರ್ಡಿಂಗ್ ಕಂಪನಿಯ ವಶದಲ್ಲಿ ಉಳಿಯಲಿ. ನಡಾವಳಿ ತಿರುಚಬಹುದೆಂಬ ಅನುಮಾನದಿಂದ ಕೆಲವು ನಿರ್ದೇಶಕರು ತಮ್ಮ ಮೊಬೈಲಿನಲ್ಲೂ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಕರಡು ನಡಾವಳಿಯು 15 ದಿನಗಳೊಳಗೆ ಅವರ ಕೈಸೇರಲೇಬೇಕು. ಸಾಮಾನ್ಯವಾಗಿ 7 ದಿನಗಳೊಳಗೆ ಆಕ್ಷೇಪವನ್ನು ಲಿಖಿತವಾಗಿ ಸಲ್ಲಿಸಲು ಅದೇ ನಿಯಮದಲ್ಲಿ ಅವಕಾಶವಿದೆ. ಅದನ್ನು ಬಳಸಿಕೊಂಡವರನ್ನು ನಾನು ಕಂಡದ್ದು ಬಹಳ ವಿರಳ.