ಹೆಸರು ಆಮೇಲೆ, ಕೆಲಸ ಮೊದಲು

‘ಮೊನಾಡ್ ಅಂದರೆ ಏನು?’ ಫಂಕ್ಷನಲ್ ಪ್ರೋಗ್ರಾಮಿಂಗ್ ಕಲಿಯಲು ಹೊರಟವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಉತ್ತರಗಳಿಗೆ ಬರವಿಲ್ಲ. ಒಬ್ಬರು ಡಬ್ಬಿ ಎನ್ನುತ್ತಾರೆ, ಇನ್ನೊಬ್ಬರು ಪೈಪು ಎನ್ನುತ್ತಾರೆ. ಕೇಳಿದವರಿಗೆ ಡಬ್ಬಿಯೂ ಗೊತ್ತು, ಪೈಪೂ ಗೊತ್ತು. ಮೊನಾಡ್ ಮಾತ್ರ ಅರ್ಥವಾಗುವುದಿಲ್ಲ.

ಹ್ಯಾಸ್ಕೆಲ್ ಭಾಷೆಯ ಪರಿಣತ ಬ್ರೆಂಟ್ ಯೋರ್ಗೆ 2009ರಲ್ಲೇ ಇದರ ಕಾರಣ ಬರೆದಿದ್ದರು. ಕಲಿಯುವವನು ಉದಾಹರಣೆಗಳ ಜೊತೆ ದಿನಗಟ್ಟಲೆ ಗುದ್ದಾಡುತ್ತಾನೆ. ಕೊನೆಗೊಮ್ಮೆ ತಟ್ಟನೆ ಹೊಳೆಯುತ್ತದೆ. ಆ ಕ್ಷಣದಲ್ಲಿ ಮನಸ್ಸಿಗೆ ಬಂದ ಹೋಲಿಕೆಯೇ ಗುಟ್ಟು ಎಂದುಕೊಂಡು ಅದನ್ನಷ್ಟೇ ಉಳಿದವರಿಗೆ ಹೇಳುತ್ತಾನೆ. ನಿಜವಾಗಿ ಅರ್ಥ ಮಾಡಿಸಿದ್ದು ಹೋಲಿಕೆಯಲ್ಲ, ಹಿಂದಿನ ಗುದ್ದಾಟ.

ನಮ್ಮ ಅನೇಕ ತರಗತಿಗಳಲ್ಲೂ ಕ್ರಮ ತಲೆಕೆಳಗಾಗಿದೆ. ಮೊದಲು ವ್ಯಾಖ್ಯೆ, ಸಮಯ ಉಳಿದರೆ ಉದಾಹರಣೆ. ಇದನ್ನು ತಿರುಗಿಸಿ ನೋಡೋಣ. ಪಟ್ಟಿಯಲ್ಲಿರುವ ಸಂಖ್ಯೆಗಳನ್ನು ಕೂಡಿಸುವ ಫಂಕ್ಷನ್ ಬರೆಯಿರಿ. ಆಮೇಲೆ ಗುಣಿಸುವುದು. ಆಮೇಲೆ ಪದಗಳನ್ನು ಜೋಡಿಸುವುದು. ಮೂರನ್ನೂ ಪಕ್ಕಪಕ್ಕ ಇಟ್ಟರೆ ಬದಲಾಗಿರುವುದು ಎರಡೇ: ಆರಂಭದ ಬೆಲೆ (0, 1 ಅಥವಾ ಖಾಲಿ ಪದ) ಮತ್ತು ಸೇರಿಸುವ ಕ್ರಿಯೆ. ಆ ಎರಡನ್ನೂ ಹೊರಗಿನಿಂದ ಕೊಡುವಂತೆ ಮಾಡಿದರೆ ಅದೇ ‘ಫೋಲ್ಡ್’. ಪೈಥಾನ್‌ನಲ್ಲೂ, 2014ರಲ್ಲಿ ಬಂದ ಜಾವಾ 8ರಲ್ಲೂ ಅದರ ಹೆಸರು ‘ರೆಡ್ಯೂಸ್’. ಹೀಗೆ ತಲುಪಿದವರಿಗೆ ವ್ಯಾಖ್ಯೆ ಬಾಯಿಪಾಠ ಮಾಡುವ ಅಗತ್ಯವೇ ಬೀಳದು.

ಮೊನಾಡ್‌ನ ದಾರಿಯೂ ಇದೇ. ನೋಂದಣಿ ಸಂಖ್ಯೆಯಿಂದ ವಿದ್ಯಾರ್ಥಿ, ವಿದ್ಯಾರ್ಥಿಯಿಂದ ವಿಳಾಸ, ವಿಳಾಸದಿಂದ ಪಿನ್‌ಕೋಡ್ ಹುಡುಕಬೇಕು. ಯಾವ ಹಂತದಲ್ಲಾದರೂ ಉತ್ತರ ಸಿಗದಿರಬಹುದು. ಪ್ರತಿ ಸಲವೂ ‘ಸಿಕ್ಕಿತೇ?’ ಎಂದು ಇಫ್ ಬರೆದು ಬೇಸತ್ತವರಿಗೆ, ಆ ಪರಿಶೀಲನೆಯನ್ನು ತಾನೇ ನೋಡಿಕೊಳ್ಳುವ ಜಾವಾದ ‘ಆಪ್ಷನಲ್’ ಮತ್ತು ‘ಫ್ಲಾಟ್‌ಮ್ಯಾಪ್’ ಏಕೆ ಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಅದೇ ಜೋಡಣೆ ಪಟ್ಟಿಗಳಲ್ಲೂ ಕಂಡಾಗ, ಎರಡಕ್ಕೂ ಒಪ್ಪುವ ಒಂದು ಹೆಸರು ಬೇಕೆನಿಸುತ್ತದೆ.

‘ಇಷ್ಟೆಲ್ಲ ಮಾಡುತ್ತಾ ಕುಳಿತರೆ ಸಿಲಬಸ್ ಮುಗಿಯುವುದು ಯಾವಾಗ?’ ಎಂದು ಅಧ್ಯಾಪಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ವ್ಯಾಖ್ಯೆ ಪರೀಕ್ಷೆಯಲ್ಲಿ ಅಂಕ ತರಬಹುದು; ಸಂದರ್ಶನದಲ್ಲಿ ಪ್ರಶ್ನೆಯನ್ನು ತುಸು ತಿರುಚಿದರೂ ಅದು ಕೈಕೊಡುತ್ತದೆ. ಕಾಲೇಜಿನ ಬಾಗಿಲು ದಾಟಿದ ಮೇಲೆ ನಮ್ಮ ಜೊತೆ ಬರುವುದು ಕೈಯಾರೆ ಬರೆದು ಕಲಿತದ್ದು ಮಾತ್ರ.

ಆದ್ದರಿಂದ ಗೆಳೆಯರೇ, ಅರ್ಥವಾಗದ ಪರಿಕಲ್ಪನೆಗೆ ನಾಲ್ಕನೆಯ ವಿವರಣೆ ಹುಡುಕುವ ಮುನ್ನ ಮೂರು ಸಣ್ಣ ಪ್ರೋಗ್ರಾಂ ಬರೆಯಿರಿ. ಅವುಗಳಲ್ಲಿ ಏನು ಮರುಕಳಿಸುತ್ತಿದೆ ಎಂದು ಗುರುತಿಸಿ. ಹೆಸರು ಆಮೇಲೆ ಕಲಿತರಾಯಿತು.