ಬಣ್ಣ ಹಚ್ಚುವ ಮುನ್ನ ಲಿಪಿಯನ್ನು ಅರಿಯೋಣ

ಅಚ್ಚಿನ ಪುಟದಲ್ಲಿ ಒಂದು ಪದದ ಹಿಂದೆ ಹಳದಿ ಬಣ್ಣ ಹಚ್ಚುವುದು ಸಣ್ಣ ಕೆಲಸವೆಂದು ತೋರುತ್ತದೆ. ಇಂಗ್ಲಿಷಿನ ಮಟ್ಟಿಗೆ ಅದು ಬಹುಪಾಲು ನಿಜ. ಹೀಬ್ರೂ ಮತ್ತು ಕನ್ನಡದಂತಹ ಲಿಪಿಗಳಲ್ಲಾದರೋ ಅದೇ ಕೆಲಸವು ‘ಅಕ್ಷರವೆಂದರೆ ಯಾವುದು?’ ಎಂಬ ಪ್ರಶ್ನೆಯನ್ನೇ ಎತ್ತುತ್ತದೆ. ಹೊರನಾಡಿನ ಮಕ್ಕಳಿಗೆ ಕನ್ನಡ ಪಾಠಗಳನ್ನು ಸಿದ್ಧಪಡಿಸುವ ನಾವು ಈ ಪ್ರಶ್ನೆಯನ್ನು ಉಪೇಕ್ಷಿಸಲಾಗದು.

ಹೀಬ್ರೂವಿನ 22 ಅಕ್ಷರಗಳು ಬಲದಿಂದ ಎಡಕ್ಕೆ ಸಾಗುತ್ತವೆ. ನಡುವೆ ಬರುವ ಅಂಕಿಗಳು ಮಾತ್ರ ಎಡದಿಂದ ಬಲಕ್ಕೆ. ಮಕ್ಕಳ ಪುಸ್ತಕಗಳಲ್ಲಿಯೂ ಪ್ರಾರ್ಥನಾ ಗ್ರಂಥಗಳಲ್ಲಿಯೂ ಸ್ವರಗಳನ್ನು ಸೂಚಿಸುವ ಚುಕ್ಕೆಗಳು, ಗೆರೆಗಳು ಅಕ್ಷರದ ಕೆಳಗೆ, ಮೇಲೆ, ಒಳಗೆ ಕೂಡುತ್ತವೆ. ಅಕ್ಷರಜೋಡಣೆಗೆ ಬಳಸುವ ಲೇಟೆಕ್ ತಂತ್ರಾಂಶದ ‘ಸೋಲ್’ ಎಂಬ ಹಳೆಯ ಪ್ಯಾಕೇಜು ಪಠ್ಯವನ್ನು ತುಂಡುತುಂಡಾಗಿ ಬಿಡಿಸಿ ಬಣ್ಣ ಹಚ್ಚುತ್ತದೆ. ಲ್ಯಾಟಿನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಈ ಕ್ರಮದಿಂದ ಹೀಬ್ರೂವಿನಲ್ಲಿ ತುಂಡುಗಳ ಸರಣಿಯೇ ತಪ್ಪುವ ಅಪಾಯವಿದೆ.

ಕನ್ನಡದ ಕಷ್ಟವೂ ಇದಕ್ಕೆ ಹತ್ತಿರದ್ದು. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಯೂನಿಕೋಡ್‌ಗೆ ಅದು 6 ಸಂಕೇತಗಳ ಸಾಲು. ನಡುವೆ ಕತ್ತರಿಸಿದರೆ ಒತ್ತಕ್ಷರ ಕಳಚಿ, ಹಲಂತ ಚಿಹ್ನೆ ಬಯಲಾಗುತ್ತದೆ. ಬಣ್ಣದ ಪಟ್ಟಿಯನ್ನು ಇಂಗ್ಲಿಷಿನ ಎತ್ತರಕ್ಕೆ ಅಳೆದಿಟ್ಟರೆ ಒತ್ತುಗಳು ಅದರಿಂದ ಹೊರಗೆ ಜೋತುಬೀಳುತ್ತವೆ. ಪಟ್ಟಿಯನ್ನು ಹಿಗ್ಗಿಸಿದರೆ ಕೆಳಸಾಲಿನ ಬಣ್ಣವು ಮೇಲ್ಸಾಲಿನ ಒತ್ತುಗಳನ್ನು ಮುಚ್ಚಬಹುದು. ಒತ್ತಕ್ಷರವನ್ನು ಈಗಷ್ಟೇ ಕಲಿಯುತ್ತಿರುವ ಮಗು ಆ ಮುರಿದ ರೂಪವನ್ನೇ ಸರಿಯೆಂದು ಗ್ರಹಿಸುತ್ತದೆ. ಎತ್ತಿ ತೋರಿಸಬೇಕಾದುದನ್ನೇ ಕೆಡಿಸಿ ತೋರಿಸಿದಂತಾಯಿತು.

ಪದವನ್ನು ಚಿತ್ರವಾಗಿಸಿ ಅಂಟಿಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಚಿತ್ರದೊಳಗಿನ ಪದವನ್ನು ಹುಡುಕಲಾಗದು, ನಕಲಿಸಲಾಗದು. ದೃಷ್ಟಿಹೀನರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ದಕ್ಕದು. ಉತ್ತಮ ದಾರಿ ಈಗಾಗಲೇ ಇದೆ. ಲುವಾಲೇಟೆಕ್‌ನಲ್ಲಿ ಹಾರ್ಫ್‌ಬಜ್ ಆಯ್ಕೆಯು ಕನ್ನಡದ ಅಕ್ಷರಗಳನ್ನು ಸರಿಯಾಗಿ ಕೂಡಿಸುತ್ತದೆ. ‘ಲುವಾ-ಯುಎಲ್’ ಪ್ಯಾಕೇಜು ಪದವನ್ನು ಒಡೆಯದೆ, ಸಾಲು ರೂಪುಗೊಂಡ ಬಳಿಕ ಬಣ್ಣವನ್ನು ಸೇರಿಸುತ್ತದೆ.

ಬಣ್ಣದ ಬಳಕೆಯಲ್ಲಿ ಮಿತಿಯೂ ಬೇಕು. 1520ರ ದಶಕದಲ್ಲಿ ವೆನಿಸ್‌ನಲ್ಲಿ ಡೇನಿಯಲ್ ಬಾಂಬರ್ಗ್ ಮುದ್ರಿಸಿದ ತಾಲ್ಮೂದ್ ಪುಟಗಳಲ್ಲಿ ಮೂಲಪಾಠ ನಡುವೆ, ವ್ಯಾಖ್ಯಾನ ಸುತ್ತಲೂ, ಬೇರೆಯದೇ ಅಕ್ಷರವಿನ್ಯಾಸದಲ್ಲಿ ನಿಂತಿದೆ. ಬಣ್ಣವಿಲ್ಲದೆಯೇ ಭೇದ ಸ್ಪಷ್ಟ. ಕಪ್ಪುಬಿಳುಪು ಪ್ರತಿ ತೆಗೆದಾಗ ನಮ್ಮ ಹಸಿರು, ಗುಲಾಬಿಗಳೆಲ್ಲ ಒಂದೇ ಬೂದಿಯಾಗುತ್ತವೆ. ಬಣ್ಣಗುರುಡು ಇರುವ ಮಕ್ಕಳಿಗೂ ಅವುಗಳ ವ್ಯತ್ಯಾಸ ತಿಳಿಯದಿರಬಹುದು.

ಆದುದರಿಂದ ಸ್ವಯಂಸೇವಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ: ಪುಟಕ್ಕೆ ಒಂದೇ ತಿಳಿಬಣ್ಣ ಸಾಕು, ಅದು ಇಡೀ ಪದಕ್ಕೆ ಇರಲಿ, ಅರ್ಧ ಅಕ್ಷರಕ್ಕೆ ಬೇಡ. ಅಚ್ಚಿಗೆ ಕಳುಹಿಸುವ ಮುನ್ನ ‘ಸ್ತ್ರೀ’, ‘ಲಕ್ಷ್ಮಿ’, ‘ರಾಷ್ಟ್ರ’ ಎಂಬ ಮೂರು ಪದಗಳಿಗೆ ಬಣ್ಣ ಹಚ್ಚಿ ಪರೀಕ್ಷಿಸೋಣ. ಅವು ಒಡೆಯದೆ ಉಳಿದರೆ ಆ ಉಪಕರಣವನ್ನು ನೆಚ್ಚಬಹುದು. ಒಡೆದರೆ ಬದಲಾಗಬೇಕಾದುದು ಉಪಕರಣವೇ ಹೊರತು ನಮ್ಮ ಬರವಣಿಗೆಯಲ್ಲ.