ಚಕ್ರಪುರಾಣ: ಬ್ಯಾಟರಿ ಕುಡಿಯೋ ಕಳ್ಳ!

ಸಿನಿಮಾದಲ್ಲಿ ಕಾರು ಕೆಟ್ಟು ನಿಲ್ಲೋದು ಯಾವಾಗ ಹೇಳಿ? ಪಕ್ಕದಲ್ಲಿ ಹೀರೋಯಿನ್ ಇದ್ದಾಗ, ಮೇಲೆ ಮಳೆ ಸುರಿಯೋವಾಗ! ಬ್ಯಾಡಗಿಯಲ್ಲಿ ಹಾಗಲ್ಲ ಗೆಳೆಯರೇ. ಮುಂಜಾನೆ ಕೀಲಿ ತಿರುವಿದರೆ ‘ಟಕ್’ ಅಂತ ಒಂದು ಸದ್ದು, ಆಮೇಲೆ ಮೌನ. ಹೀರೋಯಿನ್ನೂ ಇಲ್ಲ, ಹಾಡೂ ಇಲ್ಲ.

ಈ ಸಲದ ರೋಗಿ ಒಂದು ಡಾಲ್ಫಿನ್. ಸಮುದ್ರದ್ದಲ್ಲ, ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಹೊರತಂದ ಎರಡು ಬಾಗಿಲಿನ ಪುಟಾಣಿ ಕಾರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಇದರ ತಾಯಿ. 848 ಸಿಸಿ ಅಲ್ಯೂಮಿನಿಯಂ ಎಂಜಿನ್, ತಳ್ಳೋದು ಹಿಂದಿನ ಚಕ್ರ, ಮೈಯೆಲ್ಲ ಫೈಬರ್‌ಗ್ಲಾಸ್. ಮಾರುತಿ 800 ಬಂದ ಮೇಲೆ ಪೇಟೆಯಲ್ಲಿ ಇದನ್ನು ಕೇಳೋರು ಕಡಿಮೆಯಾದರು, ನಿಜ. ಆದರೆ ಹಗುರ ಮೈಯ ಈ ಪೋರ ರ‍್ಯಾಲಿಗಳಲ್ಲೂ ಶೋಲಾವರಂ ಟ್ರ್ಯಾಕಿನಲ್ಲೂ ಓಡಿ ಹೆಸರು ಮಾಡಿದ. ಫೆರಾರಿ ಗೋಡೆ ಮೇಲಿನ ಪೋಸ್ಟರಿನಲ್ಲಿರಲಿ. ಕನ್ನಡನಾಡಿನ ಸ್ಪೋರ್ಟ್ಸ್ ಕಾರು ಅಂತ ನಾನು ಕರೆಯೋದು ಇದನ್ನೇ. ಜಗಳಕ್ಕೆ ಬರೋರು ಬನ್ನಿ!

ಮಾಲೀಕರು ಮೆಣಸಿನಕಾಯಿ ದಲಾಲರು. ವರ್ಷದಲ್ಲಿ ಎರಡು ಬ್ಯಾಟರಿ ಮುಗಿಸಿದ್ದರು. ನೋಡಿದ ಎಲೆಕ್ಟ್ರಿಷಿಯನ್ ಒಬ್ಬ ‘ವೈರಿಂಗ್ ಪೂರಾ ಬದಲಿಸಬೇಕು’ ಅಂದಿದ್ದ. ರಾಣೇಬೆನ್ನೂರಿನ ನಮ್ಮ ಗ್ಯಾರೇಜಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದು, “ಸಾಕಾತು ತಮ್ಮಾ, ಗುಜರಿಗೆ ಹಾಕಿಬಿಡ್ತೇನಿ” ಅಂದರು. ದನಿ ಮಾತ್ರ ಹಾಗನ್ನುತ್ತಿರಲಿಲ್ಲ. “ಒಂದು ತಾಸು ಕೊಡ್ರಿ ಸಾವ್ಕಾರ್ರ” ಅಂದೆ.

ಪತ್ತೇದಾರಿ ಶುರು. ದೊರೆ-ಭಗವಾನ್ ಚಿತ್ರಗಳಲ್ಲಿ ರಾಜ್ ಅವರ ಸಿಐಡಿ 999ಗೆ ಪಿಸ್ತೂಲು, ನಮಗೆ ಮಲ್ಟಿಮೀಟರು. ಮೊದಲು ಬ್ಯಾಟರಿಯನ್ನೇ ವಿಚಾರಿಸಬೇಕು. ಚಾರ್ಜ್ ತುಂಬಿ, ಕೆಲವು ತಾಸು ಸುಮ್ಮನೆ ಬಿಟ್ಟೆವು, 12.6 ವೋಲ್ಟ್ ನಿಂತಿತು. ಎಂಜಿನ್ ಓಡುವಾಗ 14ರ ಹತ್ತಿರ. ಅಂದರೆ ಬ್ಯಾಟರಿಯೂ ನಿರಪರಾಧಿ, ಚಾರ್ಜ್ ಮಾಡೋ ಆಲ್ಟರ್ನೇಟರೂ ತನ್ನ ಕೆಲಸ ಮಾಡ್ತಿದೆ. ಕಳ್ಳ ಬರೋದು ಗಾಡಿ ಮಲಗಿದಾಗ! (ಒಂದು ತಾಸು ಕೇಳಿದ್ದು ಒಂದು ದಿನವಾಯಿತು ಅನ್ನಿ. ಗ್ಯಾರೇಜಿನ ತಾಸೇ ಹಾಗೆ.)

ಕೀಲಿ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ಅದಕ್ಕೂ ಟರ್ಮಿನಲ್ಲಿಗೂ ನಡುವೆ ಮೀಟರು ಸೇರಿಸಿದೆ. 10 ಆಂಪಿಯರ್ ತೂತಿಗೇ ಚುಚ್ಚಬೇಕು. ಮೀಟರು ನಡುವೆ ಇರುವಾಗ ಸೆಲ್ಫ್ ಹೊಡೆದಿರೋ, ಮೀಟರಿನ ಕಥೆ ಮುಗೀತು! ಹಳೇ ಗಾಡಿಯಲ್ಲಿ ಈಗ ಸೊನ್ನೆಗೆ ಸಮೀಪ ತೋರಿಸಬೇಕು. ತೋರಿಸಿದ್ದು 0.4. ಇಷ್ಟೇನಾ ಅಂತೀರಾ? 35 ಆಂಪಿಯರ್-ಅವರ್ ಬ್ಯಾಟರಿ ಇದಕ್ಕೆ ನಾಲ್ಕು ದಿನ ಆಹಾರ. ಮೂರನೇ ದಿನಕ್ಕೇ ಸೆಲ್ಫ್ ತಿರುಗಲ್ಲ.

ಫ್ಯೂಸು ಒಂದೊಂದೇ ಕಿತ್ತೆ. ಮುಳ್ಳು ಅಲ್ಲಾಡಲಿಲ್ಲ. ಫ್ಯೂಸಿಲ್ಲದ ಲೈನುಗಳಲ್ಲಿ ಮೊದಲ ಅನುಮಾನ ಆಲ್ಟರ್ನೇಟರಿನ ಮೇಲೆ. ಅದರ ಡಯೋಡು ಸೋರಿದರೆ ಚಾರ್ಜ್ ಚೆನ್ನಾಗೇ ಮಾಡುತ್ತಾ ರಾತ್ರಿ ಕರೆಂಟು ಕದಿಯಬಲ್ಲುದು. ಅದರ ವೈರೂ ಬಿಚ್ಚಿದೆ. 0.4 ಹಾಗೇ! ಆಗ ಬ್ಯಾಟರಿಯಿಂದ ನೇರ ಹೊರಟ ಒಂದು ಕೆಂಪು ವೈರನ್ನು ಹಿಡಿದು ಹೋದೆ. ಕಾರ್ಪೆಟ್ಟಿನಡಿ ನುಸುಳಿ, ಸೀಟಿನ ಕೆಳಗೆ... ಆಂಪ್ಲಿಫಯರ್! ಸಾವ್ಕಾರರ ಮಗ ಹಾಡು ಕೇಳಲು ಹಾಕಿಸಿದ್ದು. ಕೀಲಿ ಹಾಕಿದಾಗಷ್ಟೇ ಎಚ್ಚರವಾಗಲೆಂದು ಅದಕ್ಕೊಂದು ಸಣ್ಣ ವೈರು ಇರುತ್ತೆ. ಅದನ್ನೂ ನೇರ ಬ್ಯಾಟರಿಗೇ ಸೇರಿಸಿದ್ದರು. ಪಾಪ, ಹಗಲು-ರಾತ್ರಿ ಎಚ್ಚರವಾಗಿತ್ತು. ಬಿಚ್ಚಿದೊಡನೆ ಮೀಟರು ಸೊನ್ನೆಗೆ ಇಳಿಯಿತು.

ನನಗೆ ನಡುಕ ಬಂದದ್ದು ಬೇರೆ ಕಾರಣಕ್ಕೆ. ಆ ಕೆಂಪು ವೈರಿಗೆ ಫ್ಯೂಸೇ ಇರಲಿಲ್ಲ! ಸಿಪ್ಪೆ ಸವೆದು ಚಾಸಿಗೆ ತಾಗಿದ್ದರೆ ಕಾದು ಕೆಂಡ. ಫೈಬರ್‌ಗ್ಲಾಸ್ ಮೈ ತಗಡಲ್ಲ, ಹತ್ತಿಕೊಂಡರೆ ಉರಿಯುತ್ತದೆ. ಬ್ಯಾಟರಿ ಹಾಳಾದದ್ದೇ ಒಳ್ಳೇದಾಯಿತು ಅನ್ನಬೇಕು. ಬ್ಯಾಟರಿ ಹತ್ತಿರವೇ ಫ್ಯೂಸು ಹಾಕಿ, ಸಣ್ಣ ವೈರನ್ನು ಕೀಲಿಯ ಲೈನಿಗೆ ಕೊಟ್ಟೆ.

ಇನ್ನೊಂದು ಕಾಟವಿತ್ತು: ಬ್ರೇಕ್ ಒತ್ತಿದರೆ ಹಿಂದಿನ ಇಂಡಿಕೇಟರು ಮಿಣುಕೋದು. ಇದು ಅರ್ಥಿಂಗ್ ರೋಗ. ತಗಡಿನ ಕಾರಿನಲ್ಲಿ ಮೈಯೇ ಅರ್ಥು. ಫೈಬರ್ ಕರೆಂಟು ಒಯ್ಯದು, ಹಾಗಾಗಿ ಪ್ರತಿ ದೀಪಕ್ಕೂ ವಾಪಸು ವೈರು ಬೇಕು. ಅದು ತುಕ್ಕು ಹಿಡಿದರೆ ಕರೆಂಟು ಪಕ್ಕದ ಬಲ್ಬಿನ ಮೂಲಕ ಸಂದಿ ಹುಡುಕುತ್ತೆ. ಬಲ್ಬು ಬದಲಿಸಿ ದುಡ್ಡು ಕಳೀಬೇಡಿ. ಜೋಡಣೆ ಉಜ್ಜಿ, ಬಿಗಿ ಮಾಡಿದೆ. ವೈರಿಂಗ್ ಬದಲಿಸೋ ಮಾತು ಅಲ್ಲಿಗೇ ನಿಂತಿತು. ಸಾವ್ಕಾರರು ತಾವೇ ಓಡಿಸಿಕೊಂಡು ಮೋಟೆಬೆನ್ನೂರು ದಾರಿ ಹಿಡಿದರು, ಹಗ್ಗ ಇಲ್ಲೇ ಮರೆತು!

ಹಾವೇರಿಯ ಓದುಗರೊಬ್ಬರ ಪ್ರಶ್ನೆ: “ನಮ್ಮ ಎಜ್ಡಿಗೂ ಇದು ನಡೀತದೇನ್ರಿ?” ನಡೀತದೆ. ಮೀಟರಿಲ್ಲದಿದ್ದರೆ ಅದೇ ಜಾಗದಲ್ಲಿ ಟೆಸ್ಟ್ ಬಲ್ಬು ಇಡಿ, ಹತ್ತಿದರೆ ಸೋರಿಕೆ. ಆದರೆ 6 ವೋಲ್ಟಿನ ಹಳೇ ಗಾಡಿಯಾದರೆ ಬಲ್ಬೂ 6 ವೋಲ್ಟಿನದೇ ಇರಲಿ.